ಮೂವತ್ತಾರು ತಿರುವಿಗೆ ನಾಲ್ಕು ಟೈರು

ಮಹಾಲಿಂಗಂ ಬಾನೆಟ್ಟಿಗೆ ಕೈ ಹಾಕಿದ. ಗಾಯತ್ರಿ ಆ ಕೈಯ ಮೇಲೆ ಸ್ಪ್ಯಾನರ್ ಇಟ್ಟಳು.

“ಅದರ ತಂಟೆ ಬೇಡಣ್ಣ. ಚಕ್ರ ಮಾತ್ರ.”

“ಎರಡು ವರ್ಷದಿಂದ ನಿಂತ ಗಾಡಿ ಮೇಡಂ. ಒಂದ್ಸಲ ಎಂಜಿನ್ ನೋಡಿಬಿಡ್ತೀನಿ.”

“ಎಂಜಿನ್‌ನಿಂದ ನನಗೇನೂ ತೊಂದರೆ ಇಲ್ಲ.”

ಊಟಿಯಲ್ಲಿ ಟೈರಿನ ಅಂಗಡಿಯಿಟ್ಟಿದ್ದ ಮಹಾಲಿಂಗಂ ತಲೈಕುಂದಾ ಮೇಲಿನ ಈ ಹಟ್ಟಿಗೆ ಬಂದದ್ದೇ ಕಾರು ನೋಡುವ ಆಸೆಗೆ. ಇಟಲಿಯ ಕೆಂಪು ಕಾರು. ಎರಡೇ ಸೀಟು. ಊರು ಬಿಟ್ಟುಹೋಗುತ್ತಿದ್ದ ಎಸ್ಟೇಟ್ ಮ್ಯಾನೇಜರನಿಂದ ಹರೀಶ್ ಕೊಂಡಿದ್ದ. ಅದನ್ನು ರಿಪೇರಿ ಮಾಡಿಸುತ್ತಿದ್ದಾಗಲೇ ಜ್ವರ ಬಂದು ಒಂದು ವಾರದಲ್ಲಿ ಹೋಗಿಬಿಟ್ಟ. ಅವನ ಹೆಂಡತಿ ಗಾಯತ್ರಿಗೆ ಆಗ ಇಪ್ಪತ್ತೇಳು. ಆಮೇಲೆ ಅವಳು ಅತ್ತದ್ದನ್ನೂ ಯಾರೂ ನೋಡಲಿಲ್ಲ, ನಕ್ಕದ್ದನ್ನೂ ನೋಡಲಿಲ್ಲ.

ಈಗ, ೧೯೯೮ರಲ್ಲಿ, ಹರೀಶನ ಅಣ್ಣ ನಂಜುಂಡೇಶನಿಗೆ ಕಾರು ನಿಂತಿದ್ದ ಶೆಡ್ ಬೇಕಾಗಿತ್ತು. ಅಣಬೆ ಬೆಳೆಯಲು. ಗುಜರಿಯವನ ಲಾರಿಗೂ ಹೇಳಿಟ್ಟಿದ್ದ.

“ಓಡೋ ಕಾರಾದ್ರೆ ಇಟ್ಕೊ,” ಎಂದಿದ್ದ. “ಭಾನುವಾರ ಕಲ್ಹಟ್ಟಿ ಘಾಟಿ ಇಳಿದು ಮಾವನಹಳ್ಳ ತಲುಪಿಸು. ಯಾರೂ ತಳ್ಳಬಾರದು, ಹಗ್ಗ ಕಟ್ಟಿ ಎಳೀಬಾರದು. ತಲುಪಿದ್ರೆ ಕಾರೂ ನಿಂದೇ, ಶೆಡ್ಡೂ ನಿಂದೇ. ಆ ತುಕ್ಕು ಹಿಡಿದ ಕಡ್ಡಿ ಚಕ್ರ ನಾಲ್ಕನೇ ತಿರುವಿಗೇ ಬಿಚ್ಕೊಳ್ತವೆ, ನೋಡ್ತಿರು.”

“ಮಾತಿಗೆ ನಿಲ್ತೀರಾ ಭಾವ?”

“ನಾನು ನಿಲ್ತೀನಮ್ಮ. ನಿನ್ನ ಕಾರು ಎಲ್ಲಿ ನಿಲ್ಲುತ್ತೋ ನೋಡೋಣ.”

ಗಾಯತ್ರಿ ಮರುದಿನವೇ ಸ್ಕೂಟರ್ ಮಾರಿದಳು.

ಹಳೆಯ ಕಡ್ಡಿ ಚಕ್ರಗಳು ಹೋದವು. ಬೆಳ್ಳಗೆ ಹೊಳೆಯುವ ಅಲಾಯ್ ಚಕ್ರಗಳು ಬಂದವು, ಅವುಗಳ ಮೇಲೆ ಮೊದಲಿಗಿಂತ ಒಂದು ಹೆಬ್ಬೆರಳಿನಷ್ಟು ಹೆಚ್ಚು ಅಗಲದ ಟೈರು. ಮಡ್‌ಗಾರ್ಡಿನ ಅಂಚು ತಾಗುತ್ತಿತ್ತು. ಮಹಾಲಿಂಗಂ ಅರ್ಧ ದಿನ ಅರ ಹಾಕಿ ಉಜ್ಜಿದ. ಟೈರಿಗೂ ತಗಡಿಗೂ ನಡುವೆ ಬೆಂಕಿಪೊಟ್ಟಣ ಸಲೀಸಾಗಿ ಆಡುವವರೆಗೆ ಬಿಡಲಿಲ್ಲ. ಬ್ರೇಕನ್ನು ಗಾಯತ್ರಿ ಎರಡು ಸಲ ಬಿಚ್ಚಿಸಿ ನೋಡಿದಳು. ಕೊನೆಗೆ ಅವನು ದೂರ ನಿಂತು ಕತ್ತು ಓರೆ ಮಾಡಿದ.

“ಮೂಗು ಎತ್ಕೊಂಡು ನಿಂತಿದೆ ಮೇಡಂ. ಮುಂದೆ ಭಾರ ಬೀಳದಿದ್ರೆ ಎಂಥಾ ಟೈರೂ ತಿರುವಲ್ಲಿ ಕಚ್ಚಲ್ಲ.”

“ಭಾರದ ವಿಷಯ ನನಗೆ ಬಿಡಿ,” ಎಂದಳು.

ಭಾನುವಾರ ಬೆಳಿಗ್ಗೆ ಅತ್ತೆ ಉಗ್ರಾಣದ ಬಾಗಿಲಲ್ಲಿ ನಿಂತು ಕಾಡುಹಂದಿಗಳನ್ನು ಶಪಿಸುತ್ತಿದ್ದರು. ಎರಡು ಮೂಟೆ ಬಿತ್ತನೆ ಆಲೂಗಡ್ಡೆ ಕಾಣೆಯಾಗಿತ್ತು. “ತಿಂದ್ರೆ ತಿನ್ನಲಿ, ಗೋಣಿಚೀಲನೂ ತಿನ್ತವಾ?”

ಗಾಯತ್ರಿ ಕಾರಿನಲ್ಲಿ ಕೂತಾಗಿತ್ತು. ಕೈಬ್ರೇಕ್ ಬಿಟ್ಟಳು. ಕಾರು ಶೆಡ್ಡಿನಿಂದ ಬೆಕ್ಕಿನ ಹಾಗೆ ಹೊರಬಂದು, ಹಟ್ಟಿಯ ಇಳಿಜಾರು ಹಿಡಿಯಿತು.

ಹಿಂದೆ ಜೀಪಿನಲ್ಲಿದ್ದ ನಂಜುಂಡೇಶ ತಲೆದೂಗಿದ. “ಪರವಾಗಿಲ್ಲ, ನಮ್ಮನೆ ಬುದ್ಧಿ ಬಂದಿದೆ.” ಈ ಬೆಟ್ಟದಲ್ಲಿ ಇಳಿಜಾರಿನಲ್ಲಿ ಎಂಜಿನ್ ಉರಿಸುವವನು ದುಂದುಗಾರ. ಚಹಾ ಎಲೆಯ ಲಾರಿಯಿಂದ ಮದುವೆಯ ವ್ಯಾನಿನವರೆಗೆ ಎಲ್ಲವೂ ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲೇ ಇಳಿಯುತ್ತವೆ. ಅವನೂ ಕೀ ತಿರುಗಿಸಿ ಜೀಪನ್ನು ಮೌನವಾಗಿಸಿದ.

ಮೊದಲ ತಿರುವಿನಲ್ಲಿ ಗಾಯತ್ರಿ ಹಲ್ಲು ಕಚ್ಚಿದ್ದಳು. ಟೈರು ರಸ್ತೆಯನ್ನು ಅದಕ್ಕಿಂತ ಗಟ್ಟಿಯಾಗಿ ಕಚ್ಚಿತು. ನಾಲ್ಕನೇ ತಿರುವಿನಲ್ಲಿ ಏನೂ ಬಿಚ್ಚಿಕೊಳ್ಳಲಿಲ್ಲ. ಏಳನೆಯದರಲ್ಲಿ ಅವಳು ಬ್ರೇಕಿನಿಂದ ಕಾಲು ತೆಗೆದಳು. ಹನ್ನೊಂದರಲ್ಲಿ ಟೈರು ಸಣ್ಣಗೆ ರಾಗ ತೆಗೆಯಿತು. ಹನ್ನೆರಡರಲ್ಲಿ ಅವಳ ಬಾಯಿಂದಲೂ ಏನೋ ಸದ್ದು ಬಂತು. ಅದು ನಗು ಎಂದು ಅವಳಿಗೇ ಗೊತ್ತಾದದ್ದು ಹದಿನಾಲ್ಕರಲ್ಲಿ. ಸೆರಗು ಪಟಪಟ ಬಡಿದುಕೊಂಡಿತು. ಇಪ್ಪತ್ತೊಂದರಲ್ಲಿ ಕಾಟಿಯೊಂದು ರಸ್ತೆಬದಿ ಮೇಯುತ್ತಿತ್ತು. ಸದ್ದೇ ಇಲ್ಲದೆ ಹಾದುಹೋದ ಕೆಂಪು ವಸ್ತುವನ್ನು ಕಂಡು ಬಾಯಲ್ಲಿದ್ದ ಹುಲ್ಲು ಅಗಿಯುವುದನ್ನೇ ಮರೆಯಿತು. ಜೀಪು ಎರಡು ತಿರುವು ಹಿಂದೆ ಬಿತ್ತು.

ಮೂವತ್ತಾರು ಮುಗಿದು ರಸ್ತೆ ಸಪಾಟಾಯಿತು. ಕಾರಿನ ಓಟ ಸಣ್ಣದಾಗುತ್ತ ಬಂತು. ಮಾವನಹಳ್ಳದ ತಂಗಮಣಿಯ ಚಹಾ ಅಂಗಡಿ ಇನ್ನೂ ಇನ್ನೂರು ಮಾರು. ನೂರು. ಒಂದು ಮೇಕೆ ಕಾರನ್ನು ದಾಟಿ ಮುಂದೆ ಹೋಯಿತು. ಗಾಯತ್ರಿ ಉಸಿರು ಹಿಡಿದು ಮುಂದಕ್ಕೆ ಬಾಗಿದಳು, ಬಾಗಿದರೆ ಕಾರು ಹೋಗುತ್ತದೆ ಎಂಬಂತೆ. ಹಿಂದೆ ಬಂದ ಜೀಪು ಹಾರ್ನ್ ಹೊಡೆಯಿತು. “ಮೆರವಣಿಗೆ ಸಾಕು, ನಡಿಯಮ್ಮ!”

ಕಾರು ಅಂಗಡಿಯ ಬೆಂಚಿನೆದುರು ಬಂದು, ತಾನಾಗಿಯೇ ನಿಂತಿತು.

ನಂಜುಂಡೇಶ ಇಳಿದು ಬಂದ. ಟೈರನ್ನು ಒದ್ದು ನೋಡಿದ. ಬಾನೆಟ್ಟಿನ ಮೇಲೆ ಅಂಗೈ ಇಟ್ಟವನು ಹುಬ್ಬೇರಿಸಿದ.

“ಅಷ್ಟು ತಿರುವು ಇಳಿದ್ರೂ ಹಾಲಿನ ಪಾತ್ರೆ ಥರ ತಣ್ಣಗಿದೆಯಲ್ಲ. ಇಟಲಿಯವರು ಇಟಲಿಯವರೇ ಬಿಡು.” ಜೇಬಿನಿಂದ ಶೆಡ್ಡಿನ ಬೀಗದ ಕೈ ತೆಗೆದು ತಂಗಮಣಿಯ ಎದುರೇ ಅವಳ ಕೈಗಿಟ್ಟ. “ಚಹಾ ಕುಡಿದು ನಿಧಾನಕ್ಕೆ ಹತ್ತಿಸ್ಕೊಂಡು ಬಾ.”

“ಹತ್ತೋ ಮಾತು ಆಗಿರಲಿಲ್ಲ ಭಾವ,” ಎಂದಳು. ಅವನು ನಕ್ಕು, ಜೀಪು ತಿರುಗಿಸಿಕೊಂಡು ಘಾಟಿ ಹತ್ತಿದ.

ಜೀಪಿನ ಸದ್ದು ಪೂರ್ತಿ ಕರಗಿದ ಮೇಲೆ ಗಾಯತ್ರಿ ತಂಗಮಣಿಯ ಫೋನಿನಿಂದ ಕೊಯಮತ್ತೂರಿನ ವರ್ಕ್‌ಶಾಪಿಗೆ ಡಯಲ್ ಮಾಡಿದಳು. “ಎರಡು ವರ್ಷದ ಹಿಂದೆ ಹರೀಶ್ ಬಿಚ್ಚಿ ಕೊಟ್ಟುಹೋದ ಎಂಜಿನ್ ಇದೆಯಲ್ಲ, ಕಳಿಸಿಕೊಡಿ,” ಎಂದು ಹೇಳಿ, ಬಾನೆಟ್ ಎತ್ತಿ, ಒಳಗಿದ್ದ ಎರಡು ಮೂಟೆ ಆಲೂಗಡ್ಡೆಯನ್ನು ಒಂದೊಂದಾಗಿ ಕೆಳಗಿಳಿಸಿದಳು.