ಅಜ್ಜಿಯ ಕೊನೆಯ ಮಾತು

ಮಗಳ ಕಾಲೇಜಿನ ಸಂದರ್ಶನಕ್ಕೆ ಇನ್ನು ಹತ್ತು ನಿಮಿಷ ಇದೆ ಎನ್ನುವಾಗ ಕೃಷ್ಣಾನಂದ ತನ್ನ ತಾಯಿಯನ್ನು ಕೋಣೆಯೊಳಗೆ ಕಳಿಸಿ ಬಾಗಿಲು ಮುಂದೆ ಮಾಡಿದ.

"ಅರ್ಧ ಗಂಟೆ ಅಷ್ಟೇ ಅಮ್ಮ. ಹೊರಗೆ ಬರಬೇಡ, ಕೆಮ್ಮಬೇಡ. ಪ್ರತೀಕ್ಷಾಗೆ ಗಾಬರಿ ಆಗುತ್ತೆ."

"ನಾನ್ಯಾಕೋ ಬರ್ಲಿ? ಒಂದು ಲವಂಗ ಕೊಟ್ಟು ಹೋಗು. ಬಾಯಲ್ಲಿಟ್ಕೊಂಡ್ರೆ ಕೆಮ್ಮು ಬರಲ್ಲ," ಎಂದರು ಸರೋಜಮ್ಮ. ಮೊಮ್ಮಗಳು ದೊಡ್ಡ ಕಾಲೇಜು ಸೇರಲೆಂದು ಬೆಳಿಗ್ಗೆಯೇ ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದರು ಪಾಪ. ಅವರನ್ನು ಒಳಗಿಟ್ಟ ನಿಜವಾದ ಕಾರಣ ಬೇರೆ ಇತ್ತು. ಮೊಮ್ಮಗಳ ಅರ್ಜಿಯ ಪ್ರಕಾರ ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

ಈ ಸಾವಿಗೆ ಮುಹೂರ್ತ ಇಟ್ಟದ್ದು ಕೊಚ್ಚಿಯಲ್ಲಿ. ಪ್ರವೇಶದ ಸಲಹೆ ಕೊಡುವ ಆಶಿಶ್ ಎಂಬಾತ ಪ್ರತೀಕ್ಷಾಳ ತೊಂಬತ್ತೆಂಟು ಪರ್ಸೆಂಟ್ ನೋಡಿ ಆಕಳಿಸಿದ್ದ. "ಸರ್, ಈ ಮಾರ್ಕ್ಸು ಅರ್ಜಿ ಹಾಕಿದವರಿಗೆಲ್ಲ ಇರುತ್ತದೆ. ಅವರು ನೋಡೋದು ಪ್ರಬಂಧ. ಓದಿದವರ ಕಣ್ಣು ಒದ್ದೆಯಾಗಬೇಕು. ಮನೆಯಲ್ಲಿ ಯಾರಾದರೂ ಹೋಗಿದ್ದಾರಾ?" ಯಾರೂ ಹೋಗಿಲ್ಲ ಎನ್ನುವಾಗ ಕೃಷ್ಣಾನಂದನಿಗೆ ತನ್ನ ಸಂಸಾರದ ಕೊರತೆಯೊಂದನ್ನು ಒಪ್ಪಿಕೊಂಡ ಹಾಗಾಗಿತ್ತು. ಪ್ರತೀಕ್ಷಾ ತಾನಾಗಿ ಬರೆದದ್ದು ತಾವು ವಾಸವಿದ್ದ ಕಳಕ್ಕೂಟಂನ ಬೀದಿನಾಯಿಗಳಿಗೆ ಅನ್ನ ಹಾಕುವ ಬಗ್ಗೆ. ನಾಯಿಗಳನ್ನು ಬಿಟ್ಟು ಅಜ್ಜಿಯನ್ನು ಹಿಡಿದವನು ಅಪ್ಪ. ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ಇಂಗ್ಲಿಷ್ ಪತ್ರ ಬರೆದು ಪಳಗಿದ ಕೈ. ಒಂದು ಭಾನುವಾರ ಕೂತು ಆರುನೂರು ಪದಗಳಲ್ಲಿ ಹೆತ್ತ ತಾಯಿಯನ್ನು ಮುಗಿಸಿಬಿಟ್ಟ. ಮಗಳು ಬೇಡ ಅಪ್ಪಾ ಎಂದಾಗ, "ಅಜ್ಜಿಗೆ ಇಂಗ್ಲಿಷ್ ಎಲ್ಲಿ ಬರುತ್ತೆ? ಗೊತ್ತಾಗೋದೇ ಇಲ್ಲ," ಎಂದಿದ್ದ.

ಲ್ಯಾಪ್‌ಟಾಪ್ ಊಟದ ಮೇಜಿನ ಮೇಲಿತ್ತು. ಕೃಷ್ಣಾನಂದ ಕ್ಯಾಮೆರಾಗೆ ಕಾಣದ ಹಾಗೆ ಫ್ರಿಜ್ಜಿನ ಪಕ್ಕ ಕುರ್ಚಿ ಹಾಕಿಕೊಂಡ. ಇಪ್ಪತ್ತು ನಿಮಿಷ ಎಲ್ಲವೂ ಇಂಗ್ಲಿಷಿನಲ್ಲಿ ಸಲೀಸಾಗಿ ನಡೆಯಿತು. ಆಮೇಲೆ ಪ್ರಶ್ನೆ ಕೇಳುತ್ತಿದ್ದ ಇಬ್ಬರಲ್ಲಿ ಜೀವಿತಾ ಎಂಬ ಪ್ರಾಧ್ಯಾಪಕಿ ಕನ್ನಡಕ ತೆಗೆದಿಟ್ಟು ಕನ್ನಡಕ್ಕೆ ಹೊರಳಿದರು.

"ನಾನೂ ಮೈಸೂರು ಕಡೆಯವಳೇ ಕಣಮ್ಮ. ನಿನ್ನ ಪ್ರಬಂಧ ಓದಿ ನಮ್ಮಜ್ಜಿ ನೆನಪಾದ್ರು. ಕನ್ನಡ ಕಲಿಸಿದ್ದು ಅಜ್ಜಿನೇ ಅಂತ ಬರೆದಿದ್ದೀಯಲ್ಲ, ಅವರ ಬಗ್ಗೆ ಕನ್ನಡದಲ್ಲೇ ಎರಡು ಮಾತು ಹೇಳು. ತಪ್ಪಾದ್ರೂ ಪರವಾಗಿಲ್ಲ."

ಕೃಷ್ಣಾನಂದ ಕುರ್ಚಿಯಿಂದ ಅರ್ಧ ಎದ್ದ. ಬೇಡ ಎನ್ನುವಂತೆ ಕೈ ಆಡಿಸಿದ. ಹೇಳಬೇಡ ಎಂದೋ, ನಿಲ್ಲಿಸಬೇಡ ಎಂದೋ ಅವನಿಗೇ ತಿಳಿಯಲಿಲ್ಲ. ಪ್ರತೀಕ್ಷಾ ಅಪ್ಪನನ್ನು ನೋಡಿದಳು, ಅಗುಳಿ ಹಾಕದ ಆ ಬಾಗಿಲನ್ನು ನೋಡಿದಳು, ತಲೆ ತಗ್ಗಿಸಿ ಏನೋ ಪಿಸುಗುಟ್ಟಿದಳು.

"ಸ್ವಲ್ಪ ಗಟ್ಟಿಯಾಗಿ ಹೇಳಮ್ಮ, ಕೇಳಿಸ್ತಿಲ್ಲ."

"ನನ್ನ ಅಜ್ಜಿ... ತೀರಿ ಹೋದ್ರು. ಎರಡು ವರ್ಷ ಆಯ್ತು. ಆಸ್ಪತ್ರೆಯಲ್ಲಿ ನಾನು ಕೈ ಹಿಡ್ಕೊಂಡಿದ್ದೆ."

"ಕೊನೆಗೆ ಏನಾದ್ರೂ ಹೇಳಿದ್ರಾ?"

"ಹೇಳಿದ್ರು. ಪುಟ್ಟಿ, ನೀನು ಈ ಪ್ರಪಂಚವನ್ನ... ಬದಲಾಯಿಸಬೇಕು, ಅಂತ."

ಅಜ್ಜಿ ಏನೇ ಕೇಳಲಿ, ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಒಂದು ಪದ ಎಸೆದು ಹೋಗುವ ಹುಡುಗಿ ಅವಳು. ಆ ಮನೆಯಲ್ಲಿ ಒಂದೇ ಸಲಕ್ಕೆ ಅಷ್ಟು ಕನ್ನಡ ಆಡಿದ್ದು ಅದೇ ಮೊದಲು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅದನ್ನು ನೋಡಿ ಪ್ರಾಧ್ಯಾಪಕಿಯೂ ಕಣ್ಣೊರೆಸಿಕೊಂಡರು. "ಅಜ್ಜಿ ಇದ್ದಿದ್ರೆ ಇವತ್ತು ಎಷ್ಟು ಖುಷಿ ಪಡ್ತಿದ್ರೋ. ಧೈರ್ಯವಾಗಿರು," ಎಂದರು. ಪರದೆ ಆರಿತು.

ಸೀಟು ಸಿಕ್ಕ ಹಾಗೆಯೇ ಎಂದು ಕೃಷ್ಣಾನಂದನಿಗೆ ಗೊತ್ತಾಯಿತು. ಆದರೂ ಮಗಳ ಬೆನ್ನು ತಟ್ಟಲು ಕೈ ಏಳಲಿಲ್ಲ. ಐವತ್ತು ವರ್ಷದ ಗಂಡಸು, ತನ್ನದೇ ಮನೆಯಲ್ಲಿ, ತನ್ನದೇ ತಾಯಿಯ ಕೋಣೆಯ ಬಾಗಿಲು ತೆರೆಯಲು ನಾಚಿ ನಿಂತ. ಕೊನೆಗೆ ತೆರೆದ. ಸರೋಜಮ್ಮ ಮಂಚದ ಅಂಚಿನಲ್ಲಿ ಕೂತು ಸೆರಗಿನ ತುದಿಯನ್ನು ಮಡಿಸುತ್ತಿದ್ದರು.

"ಅಮ್ಮ, ಅದು... ಕಾಲೇಜಿನವರು ಹಾಗೆ ಬರೀಬೇಕು ಅಂತಾರೆ. ಎಲ್ಲರೂ ಬರೀತಾರೆ."

"ಇರ್ಲಿ ಬಿಡೋ. ಮಗೂಗೆ ಒಳ್ಳೇದಾಗತ್ತೆ ಅಂದ್ರೆ ನಾನು ಸತ್ರೇನಂತೆ."

ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅಪ್ಪನ ಹಿಂದೆಯೇ ಬಂದ ಪ್ರತೀಕ್ಷಾ ಒಳಗೆ ಕಾಲಿಡಲಾರದೆ ಹೊಸ್ತಿಲಲ್ಲೇ ಉಳಿದಳು. ಸರೋಜಮ್ಮ ಅವಳ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದರು.

"ಪ್ರಪಂಚ ಗಿಪಂಚ ಅಂತೆಲ್ಲ ನಾನ್ಯಾವತ್ತು ಹೇಳಿದೀನಿ? ಒಂಬತ್ತು ವರ್ಷ ಆಯ್ತು ಇಲ್ಲಿಗೆ ಬಂದು, ದಿನಾ ನಿನ್ನ ಹತ್ರ ಎಷ್ಟು ಮಾತಾಡ್ತೀನಿ. ಅವರು ಕೇಳ್ದಾಗ ಅದ್ರಲ್ಲಿ ಒಂದು ಮಾತೂ ನೆನಪಿಗೆ ಬರ್ಲಿಲ್ವಾ ಪುಟ್ಟಿ?"