ಪುಂಡರ ಮನೆತನ

ಮಾರ್ಚ್ ೯, ೧೯೮೬, ಸಂಜೆ ಐದೂವರೆ. ನಿವೃತ್ತ ಫಿಸಿಕ್ಸ್ ಪ್ರೊಫೆಸರ್ ಕುಂದರಗಿಯವರು ಓಣಿಯಲ್ಲಿ ಕ್ರಿಕೆಟ್ ಆಡುತ್ತಿದ್ದ ನಮ್ಮ ಏಕೈಕ ಚೆಂಡನ್ನು ಕಸಿದುಕೊಂಡರು.

“ಹೂಲಿಗನ್‌ಗಳು ನೀವು!”

“ಹಂಗಂದ್ರ ಏನ್ರಿ ಸರ್?” ಸಾವಂತ್ರಿ ಕೇಳಿದಳು.

“ಲಂಡನ್ನಿನೊಳಗ ಒಂದು ಮನೆತನದ ಅಡ್ಡಹೆಸರಂತ. ಅವರು ದಾಂಧಲೆ ಮಾಡಿ ಮಾಡಿ, ಪುಂಡರಿಗೆಲ್ಲಾ ಅದೇ ಹೆಸರಾತು. ನೀವರ ನಿಮ್ಮ ಮನೆತನದ ಹೆಸರು ಉಳಿಸ್ರಿ!”

“ಚೆಂಡು ಕೊಡ್ರಿ ಸರ್, ಮೆಲ್ಲಕ ಆಡತೀವಿ.”

“ಮೆಲ್ಲಕ ಅಂದ್ರ ಹೆಂಗಂತ ನಾ ತೋರಸ್ತೀನಿ. ಬ್ಯಾಟಿನ ಕೋನ ಸರಿ ಇದ್ರ ಚೆಂಡು ನೆಲಾನ ಬಿಡೂದಿಲ್ಲ. ಹಾಕು!”

ಚೆಂಡು ಅವಳ ಕೈಗಿತ್ತು ಪ್ರೊಫೆಸರು ಬ್ಯಾಟು ಹಿಡಿದು ನಿಂತರು. ಸಾವಂತ್ರಿ ಹಾಕಿದಳು. ಡಾಕ್ಟರ ಮನೆಯ ಕಿಟಕಿ ಗಾಜು ಪುಡಿಯಾಯಿತು.

ಈಗಲೂ ನಮ್ಮ ಓಣಿಯಲ್ಲಿ ಗಾಜು ಒಡೆದರೆ ತಾಯಂದಿರು, “ಯಾವ ಕುಂದರಗಿ ಅದು?” ಎಂದೇ ಕೂಗುತ್ತಾರೆ. ಪ್ರೊಫೆಸರೇ ಟೇಪು ತಂದು ಅಳೆದಂತೆ, ಆ ಹೊಡೆತದ ದೂರ ೩೮.೬ ಮೀಟರ್.