ಆರಿಸಿ ಬಂದ ಮೇಲೆ ಹೇಳುವ ಯುಕ್ತಿ

ಟಿಕೋಟದ ಚಾವಡಿ ಮುಂದೆ ಟಾಂಗಾದಿಂದ ಇಳಿದ ಶಿವಯೋಗೆಪ್ಪ ಇನ್ನೂ ಧೋತರದ ಧೂಳು ಕೊಡವಿರಲಿಲ್ಲ, ಮುರಿಗೆವ್ವ ಎಲ್ಲಿಂದಲೋ ಬಂದು ಸೆರಗು ಬಿಚ್ಚಿ ಅವನ ಮುಂದೆ ಉಡಿ ಒಡ್ಡಿ ನಿಂತುಬಿಟ್ಟಳು. ಕಟ್ಟೆಯ ಮೇಲೆ ಕೂತಿದ್ದ ಹನ್ನೆರಡು ಮಂದಿ ತಂಬಾಕು ತಿಕ್ಕುವುದನ್ನು ನಿಲ್ಲಿಸಿದರು.

ಉಡಿ ಒಡ್ಡಿದ ಹೆಣ್ಣುಮಗಳನ್ನು ಬರಿಗೈಲೆ ಕಳಿಸುವುದು ಈ ಸೀಮೆಯಲ್ಲಿ ವೈರಿಯೂ ಮಾಡದ ಕೆಲಸ. ಓಟು ಕೇಳಲು ಬಂದವನಂತೂ ಕನಸಿನಲ್ಲೂ ಮಾಡಬಾರದು. ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಇಪ್ಪತ್ತು ವರ್ಷ ಕಾಳಿನ ಅಂಗಡಿ ನಡೆಸಿದ ಶಿವಯೋಗೆಪ್ಪನಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಮೌಲಾಸಾಬನಿಗೆ ಕಣ್ಸನ್ನೆ ಮಾಡಿದ. ಮತದಾರರ ಯಾದಿಯನ್ನು ಬಗಲಲ್ಲಿ ಇಟ್ಟುಕೊಂಡು ಅವನ ಜೊತೆ ಊರೂರು ತಿರುಗುತ್ತಿದ್ದ ಆ ನಿವೃತ್ತ ಕಾರಕೂನ ಟಾಂಗಾದೊಳಗಿನ ಚೀಲದಿಂದ ಒಂದು ತೆಂಗಿನಕಾಯಿ ತೆಗೆದು ಕೊಟ್ಟ. ಕಾಯಿ ಉಡಿಗೆ ಬಿತ್ತು.

ಮುರಿಗೆವ್ವ ಅದನ್ನು ತೆಗೆದು ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟು ಮತ್ತೆ ಉಡಿ ಒಡ್ಡಿದಳು.

“ಕಾಯಿ ಬ್ಯಾಡ್ರಿ ಯಪ್ಪಾ. ಲಡಾಯಿ ನಿಲ್ಲಸೂ ಯುಕ್ತಿ ನಿಮ್ಮ ಹಂತ್ಯಾಕ ಐತಂತ. ಅದನ್ನ ಹಾಕ್ರಿ.”

ಆ ಯುಕ್ತಿ ಹುಟ್ಟಿ ಇನ್ನೂ ಒಂದು ದಿನ ತುಂಬಿರಲಿಲ್ಲ. ಹಿಂದಿನ ದಿನ ಬಬಲೇಶ್ವರದಲ್ಲಿ ಶಿವಯೋಗೆಪ್ಪ ರಸ್ತೆ, ಬಾವಿ, ಸಾಲೆ ಎಂದು ಒಂದು ತಾಸು ಗಂಟಲು ಹರಿದುಕೊಂಡಿದ್ದ. ಒಬ್ಬನಾದರೂ ತಲೆ ಎತ್ತಿದ್ದರೆ ಕೇಳಿ. ಕಡೆಗೆ ಯಾರೋ ಸೀಮೆಎಣ್ಣೆ ಯಾವಾಗ ಸಿಗುತ್ತದೆ ಎಂದರು. ಲಡಾಯಿ ನಿಂತ ಮೇಲೆ ಎಂದ. ಲಡಾಯಿ ಯಾವಾಗ ನಿಲ್ಲುತ್ತದೆ ಎಂದರು. “ನನ್ನ ಆರಿಸಿ ಕಳಸ್ರಿ, ನಿಲ್ಲಸೂ ಯುಕ್ತಿ ನಾ ಹೇಳತೇನಿ” ಎಂದುಬಿಟ್ಟ. ಬಾಯಿಗೆ ಬಂದದ್ದು ಬಂದುಹೋಯಿತು. ಆದರೆ ಬಿದ್ದ ಚಪ್ಪಾಳೆ ಏನು ಸಾಮಾನ್ಯವೇ! ಅವನು ನಿಂತಿದ್ದ ಜಿಲ್ಲಾ ಲೋಕಲ್ ಬೋರ್ಡಿನ ಕೆಲಸವೆಂದರೆ ಬಾವಿಗೆ ಕಟ್ಟೆ ಕಟ್ಟಿಸುವುದು, ಸಾಲೆಗೆ ಹಂಚು ಹೊದಿಸುವುದು. ಬರ್ಮಾದ ಯುದ್ಧ ಅದರ ಯಾವ ಕಮಿಟಿಗೆ ಬರುತ್ತದೆ ಎಂದು ಚಪ್ಪಾಳೆ ಹೊಡೆದವರಲ್ಲಿ ಒಬ್ಬನೂ ಕೇಳಲಿಲ್ಲ. ಈಗ ಆ ಮಾತು ಟಾಂಗಾಕ್ಕಿಂತ ಮೊದಲೇ ಟಿಕೋಟ ಮುಟ್ಟಿತ್ತು.

“ಅದು ಗುಟ್ಟಿನ ಮಾತು ಯವ್ವಾ,” ಎಂದ ಶಿವಯೋಗೆಪ್ಪ. “ಈಗ ಹೇಳಿದ್ರ ಜಪಾನದವ್ರಿಗೆ ಗೊತ್ತಾಗತೈತಿ.”

“ಟಿಕೋಟದಾಗ ಜಪಾನದವ್ರು ಯಾರದಾರ್ರಿ?”

ಕಟ್ಟೆಯ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಇರಲಿಲ್ಲ.

ಅವರಲ್ಲೇ ಹಿರಿಯನಾದ ಲಾಡಲೇಸಾಬ ಮಾತು ಸೇರಿಸಿದ. “ಸಾಹುಕಾರ್ರು ಹೇಳೂದು ಖರೇ ಐತಿ ಬೇ. ಈಗ ಬಾಯಿ ಬಿಟ್ರ ಎದುರಿನಾಂವ ಅದನ್ನ ತನ್ನ ಯುಕ್ತಿ ಅಂತ ಊರ ತುಂಬ ಸಾರತಾನ.”

“ಸಾರಲಿ ಬಿಡ್ರಿ ಕಾಕಾ. ಯಾರ ಹೆಸರಿಲೆ ನಿಂತ್ರೇನು, ಲಡಾಯಿ ನಿಂತ್ರ ಸಾಕಲ್ಲ?” ಮುರಿಗೆವ್ವ ಶಿವಯೋಗೆಪ್ಪನ ಕಡೆಗೇ ತಿರುಗಿದಳು. “ನನ್ನ ಮಗಾ ಗುರುಪಾದ ಬರ್ಮಾದಾಗ ಅದಾನ್ರಿ. ಕಾಗದ ಬಂದು ನಾಕು ತಿಂಗಳಾತು. ಓಟು ಇನ್ನ ಇಪ್ಪತ್ತು ದಿನಕ್ಕ ಐತಂತ. ಬಾವ್ಯಾಗ ಬಿದ್ದಾಂವಗ, ಹಗ್ಗ ಐತಿ, ಇಪ್ಪತ್ತು ದಿನ ಬಿಟ್ಟು ಒಗೀತೇನಿ ಅಂತ ಯಾರರ ಹೇಳತಾರೇನ್ರಿ?”

ಶಿವಯೋಗೆಪ್ಪ ಟಾಂಗಾದ ಕಡೆ ನೋಡಿದ. ಅತ್ತಿದ್ದರೆ ಸಮಾಧಾನ ಹೇಳಿ ಪಾರಾಗಬಹುದಿತ್ತು. ಈ ಹೆಣ್ಣುಮಗಳು ಅಳಲೊಲ್ಲಳು. ಹಿಡಿದ ಸೆರಗು ಕೂಡ ಅಲುಗುತ್ತಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಸುಳ್ಳೇಕೆ? ಯಾವ ಯುಕ್ತಿಯೂ ಇಲ್ಲ ತಾಯಿ, ತಪ್ಪಾಯಿತು ಎನ್ನುವ ಮಾತು ನಾಲಗೆಯ ತುದಿಗೆ ಬಂದೂ ಬಂತು. ಕಟ್ಟೆಯ ಮೇಲೆ ಹನ್ನೆರಡು ಓಟು ಕೂತಿದ್ದವು. ನುಂಗಿಕೊಂಡ.

“ಮೌಲಾಸಾಬ, ಯಾದ್ಯಾಗ ಈಕಿ ಹೆಸರು ಐತೇನು ನೋಡು,” ಎಂದ. ಓಟೇ ಇಲ್ಲದವರಿಗೆ ಉತ್ತರ ಕೊಡಬೇಕೆಂದು ಯಾವ ಕಾಯ್ದೆಯಲ್ಲಿದೆ?

ಮೌಲಾಸಾಬ ಅವಳ ಹೆಸರು, ಹೊಲ, ಓದು ಕೇಳಿಕೊಂಡು, ಮೂಗಿನ ಮೇಲೆ ಚಾಳೀಸು ಏರಿಸಿ ಹಾಳೆ ತಿರುವಿದ. “ಇಲ್ರಿ. ಹೊಲಾ ಇಲ್ಲ, ಓದೂ ಬರಾಂಗಿಲ್ಲ. ಓಟಿಲ್ಲ.”

“ನೋಡು ಯವ್ವಾ, ಓಟಿದ್ದವ್ರಿಗೆ ಮೊದಲ ಹೇಳಬೇಕಾಗತೈತಿ,” ಎಂದು ಶಿವಯೋಗೆಪ್ಪ ಹಗುರಾಗಿ ಉಸಿರು ಬಿಟ್ಟ. ಮೌಲಾಸಾಬ ಅಷ್ಟಕ್ಕೇ ಯಾದಿ ಮುಚ್ಚಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಆದರೆ ಮೂವತ್ತು ವರ್ಷ ಕಚೇರಿಯಲ್ಲಿ ಸವೆದ ಜೀವ, ಕಾಯ್ದೆಯ ಕಲಮನ್ನು ಅರ್ಧಕ್ಕೆ ಓದಿ ಬಿಟ್ಟರೆ ಅವನಿಗೆ ಉಂಡದ್ದು ಕರಗುತ್ತಿರಲಿಲ್ಲ.

“ಇನ್ನೊಂದು ಕಲಮು ಐತ್ರಿ ಸಾಹುಕಾರ್ರ. ಸಿಪಾಯಿ ತಾಯಿಗೆ ಪಿಂಚಣಿ ಬರತಿದ್ರ ಓಟು ಕೊಡಬೇಕಂತ ಐತಿ. ಓದು ಬರದಿದ್ರೂ ನಡೀತೈತಿ.”

“ಪಿಂಚಣಿ ನನಗ ಯಾವಾಗ ಬರತೈತ್ರಿ?” ಎಂದಳು ಮುರಿಗೆವ್ವ.

ಮೌಲಾಸಾಬ ಚಾಳೀಸು ತೆಗೆದ. ಅಂಗಿಯ ತುದಿಯಿಂದ ಒರೆಸಿದ. ಮತ್ತೆ ಹಾಕಿಕೊಳ್ಳಲಿಲ್ಲ.

“ಮಗಾ ಲಡಾಯ್ಯಾಗ ತೀರಿಕೊಂಡ್ರ ಬರತೈತವ್ವಾ.”

ಮುರಿಗೆವ್ವ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದಳು. ಆಮೇಲೆ ಉಡಿ ಇಳಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಶಿವಯೋಗೆಪ್ಪನ ಮುಖವನ್ನೇ ನೋಡುತ್ತ ಕೇಳಿದಳು:

“ಅಲ್ರಿ ಯಪ್ಪಾ, ಹಂಗಾರ ನೀವು ಸುಮ್ಮನ ಕುಂತ್ರ ನಿಮಗ ಒಂದು ಓಟು ಹೆಚ್ಚಾಗತೈತಿ. ಅದಕ್ಕ ಯುಕ್ತಿ ಹೇಳವಲ್ರೇನು?”